ಕಾಣದ ಡಿಸ್ಕಿಗೆ ತೇಗದ ಮರ

ಬದುಕಿರುವವರನ್ನು ಬದುಕಿದ್ದಾರೆಂದು ದಾಖಲಿಸುವುದು ನಾಗರಿಕ ಅಸ್ತಿತ್ವ ನೋಂದಣಿ ಕಚೇರಿಯ ಏಕೈಕ ಕರ್ತವ್ಯವಾಗಿದ್ದು, ಸದರಿ ಕರ್ತವ್ಯವನ್ನು ಜಾಗದ ಅಭಾವದಿಂದ ನಿಲ್ಲಿಸಲಾಗಿತ್ತು. ಕಂಪ್ಯೂಟರಿನ ಡಿಸ್ಕ್ ತುಂಬಿಹೋಗಿತ್ತು. ಬಾಗಿಲಿಗೆ ಪ್ರಕಟಣೆಯೊಂದನ್ನು ಅಂಟಿಸಿದ್ದರು: “ಸ್ಥಳಾವಕಾಶವಿಲ್ಲದ ಪ್ರಯುಕ್ತ, ನೋಂದಣಿಯಾಗದ ಸಾರ್ವಜನಿಕರು ಮುಂದಿನ ಆದೇಶದವರೆಗೆ ತಮ್ಮ ಸ್ವಂತ ಜವಾಬ್ದಾರಿಯಲ್ಲಿ ಬದುಕಿರತಕ್ಕದ್ದು.”

ಯಂತ್ರಕೊಠಡಿಯ ಮೇಲ್ವಿಚಾರಕಿಗೆ ಇದರಲ್ಲಿ ಗಾಬರಿಪಡುವಂಥದ್ದೇನೂ ಕಾಣಲಿಲ್ಲ. ಅಲ್ಲಿ ನಾಲ್ಕು ಡಿಸ್ಕ್‌ಗಳಿದ್ದವು. ಕಂಟ್ರೋಲರ್ ಎಂಬ ಯಂತ್ರ ಆ ನಾಲ್ಕನ್ನೂ ಒಟ್ಟುಗೂಡಿಸಿ ಒಂದೇ ದೊಡ್ಡ ಡಿಸ್ಕಿನಂತೆ ತೋರಿಸುತ್ತಿತ್ತು. ಆ ದೊಡ್ಡದಕ್ಕೆ ವರ್ಚುವಲ್ ಡಿಸ್ಕ್ ಎಂದು ಹೆಸರು. ಐದನೆಯದೊಂದನ್ನು ಸಿಕ್ಕಿಸಿ ಕಂಟ್ರೋಲರಿಗೆ ಹೇಳಿದರೆ, ಅದು ಒಳಗಿರುವುದನ್ನೆಲ್ಲ ಐದಕ್ಕೂ ಹರಡಿ ಜಾಗ ಹಿಗ್ಗಿಸಿಕೊಡುತ್ತಿತ್ತು. ಐದನೆಯ ಡಿಸ್ಕ್ ಬೀರುವಿನಲ್ಲೇ ಇತ್ತು. ಇಲ್ಲದಿದ್ದದ್ದು ಅನುಮತಿ.

ಅವಳಿಗೆ ಅವಸರವೂ ಇತ್ತು. ಅವಳ ಸೋದರತ್ತೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ದಾಖಲೆಯಲ್ಲಿ ಬದುಕಿಲ್ಲದವರಿಗೆ ಆಪರೇಷನ್ ಮಾಡುವ ಪದ್ಧತಿ ತಮ್ಮಲ್ಲಿಲ್ಲವೆಂದು ಆಸ್ಪತ್ರೆಯವರು ವಿನಯದಿಂದ ತಿಳಿಸಿದ್ದರು. ಗೋಡೆ ಸವರಿಕೊಂಡು ಅಡುಗೆಮನೆಗೆ ಹೋಗುತ್ತಿದ್ದ ಅತ್ತೆ, ಸೋದರಸೊಸೆಯ ಚಪ್ಪಲಿ ಸದ್ದು ಕೇಳಿದ ಕೂಡಲೇ ವಿಚಾರಿಸುತ್ತಿದ್ದರು.

“ಏನಮ್ಮಾ, ನಾನಿನ್ನೂ ಹುಟ್ಟಿಲ್ವಾ?”

“ಫೈಲ್ ಮೇಲಕ್ಕೆ ಹೋಗಿದೆ ಅತ್ತೆ.”

“ನಾನು ಹೋಗೋದ್ರೊಳಗೆ ಅದು ಕೆಳಕ್ಕೆ ಬಂದ್ರೆ ಸಾಕು.”

ಫೈಲ್ ಹೋಗಿದ್ದು ದಾಸ್ತಾನು ಪರಿಶೀಲನಾಧಿಕಾರಿಗಳ ಮೇಜಿಗೆ. ಕಚೇರಿಯ ಪ್ರತಿಯೊಂದು ಕುರ್ಚಿ, ಫ್ಯಾನು, ಕಸದ ಬುಟ್ಟಿಯನ್ನು ಸ್ವತಃ ಮುಟ್ಟಿ ನೋಡಿ ನಂಬರಿನ ಚೀಟಿ ಅಂಟಿಸುವುದು ಅವರ ಕೆಲಸ. ಬೆನ್ನ ಹಿಂದೆ ಎಲ್ಲರೂ ಅವರನ್ನು ಮುಟ್ಟಿನೋಡಪ್ಪ ಎನ್ನುತ್ತಿದ್ದರು. ಅವರು ಅಂಟಿನ ಬಾಟಲಿ ಸಮೇತ ಯಂತ್ರಕೊಠಡಿಗೆ ಬಂದರು.

“ಎಲ್ಲಮ್ಮಾ ಆ ವರ್ಚುವಲ್ ಡಿಸ್ಕು?”

“ಅದು ಕಣ್ಣಿಗೆ ಕಾಣಲ್ಲ ಸಾರ್. ಆದ್ರೆ ಇದೆ.”

“ಇದ್ರೆ ಕಾಣಬೇಕಲ್ಲ. ಚೀಟಿ ಎಲ್ಲಿ ಅಂಟಿಸಲಿ?”

“ಈ ನಾಲ್ಕೂ ಸೇರಿದ್ರೆ ಅದೇ ಒಂದು ಸಾರ್.”

ಮುಟ್ಟಿನೋಡಪ್ಪನವರು ನಾಲ್ಕನ್ನೂ ಮುಟ್ಟಿದರು. “ನಾಲ್ಕು, ಆ ಒಂದು, ಒಟ್ಟು ಐದು. ನಾಲ್ಕೇ ಸಿಗ್ತಾ ಇದೆ. ಅಂದ್ರೆ ಒಂದು ಕಳುವಾಗಿದೆ.” ಅವರ ದನಿಯಲ್ಲಿ ಕೋಪವಿರಲಿಲ್ಲ, ಅವಳ ಬಗ್ಗೆ ಕನಿಕರವಿತ್ತು. ಅಂದೇ ಹೊಸ ನಿಯಮವೂ ಹೊರಬಿತ್ತು: “ಕಾಣದ ವಸ್ತುವನ್ನು ಹಿಗ್ಗಿಸತಕ್ಕದ್ದಲ್ಲ. ಹಿಗ್ಗಿಸಲೇಬೇಕಾದಲ್ಲಿ, ಸದರಿ ವಸ್ತುವು ಮೊದಲು ಕಾಣಿಸಿಕೊಳ್ಳತಕ್ಕದ್ದು.”

ಅವಳು ನಿರ್ದೇಶಕರ ಬಳಿ ಹೋಗಿ ಅತ್ತೆಯ ಕಣ್ಣಿನ ಕಥೆ ಹೇಳಿಕೊಂಡಳು. ನಿರ್ದೇಶಕರು ಮೃದು ಹೃದಯದವರು. “ಕಾಣಬೇಕು ತಾನೆ? ಕಾಣೋ ಹಾಗೆ ಒಂದು ಮಾಡಿಸಿಬಿಡೋಣ ಬಿಡಮ್ಮ,” ಎಂದು ತೇಗದ ಮರದಲ್ಲಿ ವರ್ಚುವಲ್ ಡಿಸ್ಕ್ ತಯಾರಿಸಲು ಮಂಜೂರಾತಿ ಕೊಟ್ಟರು. ಅವರ ಭಾವಮೈದುನನಿಗೆ ಮರದ ಅಂಗಡಿ ಇದ್ದುದಕ್ಕೂ ಈ ತೀರ್ಮಾನಕ್ಕೂ ಸಂಬಂಧವಿಲ್ಲವೆಂದು ಆದೇಶದ ಕೊನೆಯಲ್ಲೇ ಬರೆದಿದ್ದರಿಂದ ಯಾರೂ ಆ ಮಾತೆತ್ತಲಿಲ್ಲ.

ಬಡಗಿ ಮೇಸ್ತ್ರಿ ಬಂದು ಯಂತ್ರಗಳನ್ನು ಅಳೆದ. “ಒಳಗೆ ಏನಿಡ್ತೀರಕ್ಕಾ?”

“ಜನರನ್ನ.”

“ಎಷ್ಟು ಜನ?”

“ಎಲ್ಲರನ್ನೂ.”

ಮೇಸ್ತ್ರಿ ಸ್ವಲ್ಪ ಯೋಚಿಸಿ, “ಹಾಗಾದ್ರೆ ಗಾಳಿಗೆ ತೂತು ಬಿಡ್ತೀನಿ,” ಎಂದ.

ಪೆಟ್ಟಿಗೆ ಅಂದವಾಗಿ ಬಂತು. ಮುಟ್ಟಿನೋಡಪ್ಪನವರು ಮುಟ್ಟಿದರು, ತಟ್ಟಿದರು, ಚೀಟಿ ಅಂಟಿಸಿದರು. ಕಳುವಾದ ಡಿಸ್ಕ್ ಸಿಕ್ಕಿತೆಂದು ತನಿಖೆ ಮುಗಿಯಿತು. ಹಿಗ್ಗಿಸುವುದಕ್ಕೂ ಅನುಮತಿ ದೊರೆಯಿತು: ಅಗಲದಲ್ಲಿ ಒಂದು ಗೇಣು, ಎತ್ತರದಲ್ಲಿ ನಾಲ್ಕು ಬೆರಳು.

ಗೊತ್ತುಪಡಿಸಿದ ದಿನ ಎಲ್ಲರೂ ಯಂತ್ರಕೊಠಡಿಯಲ್ಲಿ ನೆರೆದರು. ಮೇಸ್ತ್ರಿ ಪೆಟ್ಟಿಗೆಯ ಒಂದು ಮಗ್ಗುಲು ಬಿಚ್ಚಿ ಹೊಸ ಹಲಗೆ ಜೋಡಿಸತೊಡಗಿದ. ಎಲ್ಲರ ಕಣ್ಣು ಅವನ ಸುತ್ತಿಗೆಯ ಮೇಲಿದ್ದಾಗ, ಮೇಲ್ವಿಚಾರಕಿ ಐದನೆಯ ಡಿಸ್ಕನ್ನು ಸಿಕ್ಕಿಸಿ ಕಂಟ್ರೋಲರಿಗೆ ಹೇಳಬೇಕಾದ್ದನ್ನು ಹೇಳಿದಳು. ಪರದೆಯ ಮೇಲೆ ಅಂಕಿ ಆಮೆಯಂತೆ ತೆವಳಿತು. ನಡುವೆ ಕರೆಂಟು ಹೋದರೆ ಒಳಗಿದ್ದವರೆಲ್ಲ ಒಮ್ಮೆಗೇ ಇಲ್ಲವಾಗುವ ಅಪಾಯವಿತ್ತು. ಅದೇ ಹೊತ್ತಿಗೆ ಮೇಸ್ತ್ರಿ ತನ್ನ ಡ್ರಿಲ್ಲಿಗಾಗಿ ಯಂತ್ರದ ಪ್ಲಗ್ಗಿಗೆ ಕೈ ಹಾಕಿದ.

“ಅಣ್ಣಾ, ಅದನ್ನ ಕೀಳಬೇಡಿ,” ಎಂದು ಅವಳು ಅಡ್ಡ ಬಂದು, ಪ್ಲಗ್ಗಿಗೆ ಬೆನ್ನು ಕೊಟ್ಟು ನಿಂತಳು.

“ಕೆಲಸಕ್ಕೆ ಅಡ್ಡಿ ಮಾಡಬಾರದಮ್ಮ,” ಎಂದರು ಮುಟ್ಟಿನೋಡಪ್ಪನವರು.

ಅವಳು ಕದಲಲಿಲ್ಲ. ಬೆವರಿನಿಂದ ಅವಳ ಬೆನ್ನು ಗೋಡೆಗೆ ಅಂಟಿಕೊಂಡಿತ್ತು. ಮೇಸ್ತ್ರಿ ಒಳ್ಳೆಯವನು, ಕೈಯಲ್ಲೇ ತೂತು ಕೊರೆದುಕೊಂಡ.

ಕೊನೆಯ ಮೊಳೆ ಬಿದ್ದು ಬಹಳ ಹೊತ್ತಾದ ಮೇಲೆ ಜಾಗ ಹೆಚ್ಚಿದ್ದು ಪರದೆಯಲ್ಲಿ ಕಾಣಿಸಿತು. ಚಪ್ಪಾಳೆ ಬಿತ್ತು. ಮೇಸ್ತ್ರಿಗೆ ಶಾಲು ಹೊದಿಸಿದರು. ಕಾಮಗಾರಿಗೆ ಅಡ್ಡ ನಿಂತಿದ್ದಕ್ಕೆ ಅವಳಿಗೆ ಎಚ್ಚರಿಕೆ ಪತ್ರ ಬಂತು. ಅದನ್ನು ಚೀಲಕ್ಕೆ ಹಾಕಿಕೊಂಡು ಮೊದಲು ಅತ್ತೆಯನ್ನು ನೋಂದಾಯಿಸಿದಳು. ಆಪರೇಷನ್ ಆಯಿತು. ಕಟ್ಟು ಬಿಚ್ಚಿದ ದಿನ ಅತ್ತೆ ಅವಳ ಮುಖವನ್ನೇ ನೋಡಿ, “ಎಷ್ಟು ಇಳಿದುಹೋಗಿದ್ದೀಯೇ,” ಎಂದರು.

ಮೇಸ್ತ್ರಿಯ ಹೆಸರು ಬೇರೆ ಕಚೇರಿಗಳಿಗೂ ಹಬ್ಬಿತು. ಅವನನ್ನು ಮುಖ್ಯ ಡಿಸ್ಕ್ ತಜ್ಞನೆಂದೂ, ಮೇಲ್ವಿಚಾರಕಿಯನ್ನು ಅವನ ಸಹಾಯಕಿಯೆಂದೂ ನೇಮಿಸಲಾಯಿತು. ಅವನು ಹಲಗೆ ಜೋಡಿಸುವಾಗ ಅವಳು ಇನ್ನೊಂದು ಡಿಸ್ಕ್ ಸಿಕ್ಕಿಸುವಳು, ಜಾಗ ಹಿಗ್ಗುವುದು. ಒಂದು ಸಲವೂ ತಪ್ಪಿದ್ದಿಲ್ಲ. ಹೀಗಿರುವಾಗ ಯಾವುದರಿಂದ ಯಾವುದಾಯಿತೆಂದು ಅವಳೂ ಕೇಳಿಕೊಳ್ಳುವುದನ್ನು ಬಿಟ್ಟಳು.

ಮುಂದೊಮ್ಮೆ ಜಾಗ ಮತ್ತೆ ತುಂಬಿದಾಗ, ಖರ್ಚು ಕಡಿಮೆ ಮಾಡಲು ಪ್ಲೈವುಡ್ ಹಾಕೋಣವೇ ಎಂದು ಮೇಸ್ತ್ರಿ ಅವಳ ಅಭಿಪ್ರಾಯ ಕೇಳಿದ.

ಅವಳು ಪೆಟ್ಟಿಗೆಯನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟಿ, ಕಿವಿಗೊಟ್ಟು ಕೇಳಿದಳು.

“ಬೇಡ ಅಣ್ಣಾ, ಜನ ಜಾಸ್ತಿಯಾಗಿದ್ದಾರೆ. ತೇಗವೇ ಇರಲಿ.”