ಒಸಿ ಸೊಟ್ಟಗಿರಲಿ

ಫ್ಯಾಷನ್ ಅನ್ನೋದು ಬೆಂಗಳೂರಿಂದ ಹೊರಟು ನಮ್ಮ ಕಡೆ ಬರೋ ಅಷ್ಟರಲ್ಲಿ ದಾರೀಲಿ ಅದಕ್ಕೆ ಏನೋ ಆಗಿಬಿಡುತ್ತೆ. ಏನಾಗುತ್ತೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ನನ್ನ ಪಾಲಿಗೆ ಬರೋದು ಅದರ ಅವಾಂತರ ಮಾತ್ರ.

ಚನ್ನಪಟ್ಟಣದ ಬಸ್ ಸ್ಟ್ಯಾಂಡ್ ಹತ್ತಿರ ಮಹಡಿ ಮೇಲೆ ನನ್ನದೊಂದು ಡಿಸೈನ್ ಅಂಗಡಿ. ಬೋರ್ಡು, ಲೋಗೊ, ಡಬ್ಬದ ಮೇಲಿನ ಚಿತ್ರ, ಇವೇ ಕೆಲಸ. ಅದಕ್ಕೆ ಮುಂಚೆ ರಾಮನಗರದಲ್ಲಿ ನಮ್ಮಕ್ಕನ ಗಂಡನ ಫ್ಲೆಕ್ಸ್ ಅಂಗಡಿಯಲ್ಲಿ ಹನ್ನೊಂದು ವರ್ಷ ಹುಟ್ಟುಹಬ್ಬದ ಬ್ಯಾನರಿಗೆ ಮುಖ ಕತ್ತರಿಸಿ ಅಂಟಿಸಿದ್ದೆ. ಬಿಟ್ಟು ಬರುವಾಗ ಭಾವ, "ಒಂದು ವರ್ಷ ನೋಡವ್ವ. ಆಗ್ನಿಲ್ಲ ಅಂದ್ರೆ ನಿನ್ ಕುರ್ಚಿ ಇಲ್ಲೇ ಇರ್ತದೆ" ಅಂದಿದ್ದರು. ಒಳ್ಳೇ ಮಾತೇ. ಆದರೆ ಆ ಕುರ್ಚಿಗೆ ವಾಪಸ್ ಹೋಗೋದು ಮಾತ್ರ ನನಗೆ ಬೇಕಿರಲಿಲ್ಲ.

ಖಾಲಿ ಜಾಗ

ಮೊದಲ ಗಿರಾಕಿ ಬಿಡದಿಯ ತಟ್ಟೆ ಇಡ್ಲಿ ಹೋಟೆಲ್ ಯಜಮಾನರು. "ಈಗಿನ ಕಾಲ್ದಂಗೆ ಒಂದು ಬೋರ್ಡ್ ಮಾಡ್ಕೊಡವ್ವ" ಅಂದರು. ಈಗಿನ ಕಾಲದ್ದು ಅಂದರೆ ಬರಹ ಕಮ್ಮಿ, ಸುತ್ತ ಜಾಗ ಜಾಸ್ತಿ. ದೊಡ್ಡ ಹಸಿರು ಬೋರ್ಡು, ನಡುವೆ ಒಂದೇ ಇಡ್ಲಿ, ಕೆಳಗೆ ಸಣ್ಣದಾಗಿ ಹೆಸರು. ಬೋರ್ಡಿಗೆ ನಾನೇ ದೃಷ್ಟಿ ತೆಗೆಯಬೇಕು ಅನ್ನಿಸಿತು.

ಹದಿನೈದು ದಿನ ಬಿಟ್ಟು ಹೋಗಿ ನೋಡ್ತೀನಿ, ಇಡ್ಲಿ ಸುತ್ತ ಯಜಮಾನರ ಫೋಟೊ, ಅವರ ತಾಯಿ ಫೋಟೊ, ಮೂರು ದೇವರು, "ಪಾರ್ಸಲ್ ಸಿಗುತ್ತದೆ"!

"ಯಾಕಣ್ಣ ಹಿಂಗೆ ಮಾಡಿದ್ರಿ? ಆ ಜಾಗ ನಾನು ಬೇಕೂಂತಲೇ ಬಿಟ್ಟಿದ್ದು."

"ನಿಂಗೊತ್ತಿಲ್ಲ ಕಣವ್ವ. ಬಿಡದೀಲಿ ಖಾಲಿ ಜಾಗ ಬುಟ್ರೆ ಯಾರಾದ್ರೂ ಬಂದು ಬೇಲಿ ಹಾಕ್ಬುಡ್ತಾರೆ!"

ತಿಳಿ ಬಣ್ಣ

ಆಮೇಲೆ ಸಿಕ್ಕಿದ್ದು ಕನಕಪುರದ ಸೀರೆ ಅಂಗಡಿ. ಆಗ ಮದುವೆಗಳಲ್ಲೆಲ್ಲ ತಿಳಿ ಗುಲಾಬಿ, ತಿಳಿ ಹಸಿರು ಸೀರೆಗಳದೇ ಓಡಾಟ. ಬೋರ್ಡಿಗೂ ಅದೇ ಬಣ್ಣ ಹಾಕಿದೆ. ವಾರದೊಳಗೆ ಅಂಗಡಿಯಾಕೆ ಫೋನ್ ಮಾಡಿ, "ಬೇಗ ಬಾರಮ್ಮ" ಅಂದರು.

ಹೋದರೆ ಒಳಗೆ ಒಬ್ಬ ಅಜ್ಜಿ ಪಟ್ಟು ಹಿಡಿದು ಕೂತಿದ್ದಾರೆ. "ಅಂಗಡಿ ಎತ್ತುಬುಡ್ತೀರಲ್ಲ, ಉಳ್ದಿರೋ ಸೀರೇನ ಒಸಿ ಕಮ್ಮಿಗೆ ಕೊಡಿ."

"ಯಾರು ಹೇಳಿದ್ರು ಅಜ್ಜಿ?" ಅಂದೆ.

"ಯಾರ್ ಯೋಳ್ಬೇಕು? ಬೋರ್ಡು ಬಿಸ್ಲಿಗೆ ಮಾಸೋಗೈತೆ."

"ಅದು ಹೊಸಾ ಬೋರ್ಡು ಅಜ್ಜಿ. ನಾನೇ ಮಾಡಿದ್ದು."

ಅಜ್ಜಿ ಹೊರಗೆ ಬಂದು ಬೋರ್ಡ್ ನೋಡಿದರು, ನನ್ನನ್ನೂ ನೋಡಿದರು. ಬೆನ್ನು ಸವರಿ, "ಅಯ್ಯೋ ನನ್ ಕಂದ, ಬಣ್ಣದೋನು ನಿಂಗೆ ಚೆನ್ನಾಗಿ ಮೋಸ ಮಾಡ್ಬುಟ್ಟವ್ನೆ" ಅಂದರು.

ಸೊಟ್ಟ ಸೊನ್ನೆ

ಭಾವ ಕೊಟ್ಟ ವರ್ಷ ತುಂಬೋಕೆ ಎರಡೇ ತಿಂಗಳಿತ್ತು. ಕೈಯಲ್ಲಿ ಉಳಿದಿದ್ದು ಒಂದೇ ಕೆಲಸ, ಪಕ್ಕದ ಬೀದಿಯ ಬೊಂಬೆ ಸಾಬರದು. ನಲವತ್ತು ವರ್ಷದಿಂದ ಮರ ಗಿರಗಿರ ತಿರುಗಿಸೋ ಲೇತ್ ಮುಂದೆ ಕೂತು ಬೊಂಬೆ ಕಡೆಯೋ ಮನುಷ್ಯ. ಬೆಂಗಳೂರಿನ ದೊಡ್ಡ ಅಂಗಡಿಯೊಂದರ ಮೇಡಮ್ ಬೊಂಬೆ ನೋಡೋಕೆ ಬರ್ತಾರೆ ಅಂತ ಒಳ್ಳೇ ಡಬ್ಬ ಬೇಕಾಗಿತ್ತು. ಆ ಆರ್ಡರ್ ಸಿಕ್ಕರೆ ಸಾಬರೂ ಉಳಿದರು, ನಾನೂ ಉಳಿದೆ.

ಈಗ ಕೈಕೆಲಸದ ಲುಕ್ ಅನ್ನೋದು ಫ್ಯಾಷನ್. ಹಾಗಾಗಿ ಕೈಯಲ್ಲೇ ಒಂದು ಸೊಟ್ಟ ಸೊನ್ನೆ ಬರೆದು, ಮೇಲೊಂದು ತಲೆ, ಕಣ್ಣು ಮೂಗು ಇಟ್ಟು, ಡಬ್ಬದ ಮೇಲೆ ಅಚ್ಚು ಹಾಕಿಸಿದೆ.

"ಇದು ಸೊಟ್ಟ ಐತಲ್ಲಮ್ಮಾ" ಅಂದರು ಸಾಬರು.

"ಕೈಯಲ್ಲಿ ಮಾಡಿದ್ದು ಅಂತ ಗೊತ್ತಾಗ್ಬೇಕಲ್ಲ ಸಾಬ್ರೇ."

"ಕೈಯಲ್ಲಿ ಮಾಡಿದ್ದು ದುಂಡಗಿರ್ತದೆ. ನಾನು ಸೊಟ್ಟ ಬಂದಿದ್ದನ್ನೆಲ್ಲ ನೀರೊಲೆಗೆ ಹಾಕಿದೀನಿ."

ಮೇಡಮ್ ಬಂದರು. ಡಬ್ಬ ನೋಡಿ ಕುಣಿದಾಡಿಬಿಟ್ಟರು. ಡಬ್ಬ ತೆಗೆದು ಬೊಂಬೆ ನೋಡಿದಾಗ ಮುಖ ಬಾಡಿತು. "ಡಬ್ಬದ ಮೇಲಿರೋ ಥರ ಇಲ್ವಲ್ಲ. ಇಷ್ಟು ನೀಟಾಗಿದ್ರೆ ಫ್ಯಾಕ್ಟರಿದು ಅಂದ್ಕೋತಾರೆ. ಸ್ವಲ್ಪ ಸೊಟ್ಟಗೆ ಮಾಡಿ, ಮುಂದಿನ ವಾರ ತಗೋತೀವಿ" ಅಂದು ಹೊರಟರು. ನನಗೆ ಭಾವನ ಅಂಗಡಿ ಕುರ್ಚಿ ಕಣ್ಣ ಮುಂದೆ ಬಂತು.

ಸಾಬರು ಲೇತ್ ಹಾಕಿದರು. ಕಣ್ಣು ಮುಚ್ಚಿ ಕಡೆದರು, ದುಂಡಗೆ ಬಂತು. ಎಡಗೈಯಲ್ಲಿ ಉಳಿ ಹಿಡಿದರು, ಇನ್ನೂ ದುಂಡಗೆ ಬಂತು. "ಆಗ್ತಿಲ್ಲಮ್ಮಾ, ಕೈ ಕೇಳ್ತಿಲ್ಲ" ಅಂತ ಅಳೋ ಹಾಗಾದರು. ನನಗೂ ನಾಚಿಕೆ ಆಯ್ತು, ಸೊನ್ನೆ ಬರೆದವಳು ನಾನೇ ತಾನೇ? "ಇತ್ತ ಕೊಡಿ" ಅಂತ ಜನ್ಮದಲ್ಲಿ ಮೊದಲ ಸಲ ಲೇತ್ ಮುಂದೆ ಕೂತೆ. ಮರಾನ ನೆಟ್ಟಗೆ ಸಿಕ್ಕಿಸೋಕೂ ಬರದೆ ಬೊಂಬೆಯ ಹೊಟ್ಟೆ ಒಂದು ಕಡೆ ಹೋಯ್ತು, ತಲೆ ಇನ್ನೊಂದು ಕಡೆ. ಸಾಬರು ಅದಕ್ಕೆ ಅರಗಿನ ಬಣ್ಣ ಕೊಟ್ಟು ಡಬ್ಬದ ಪಕ್ಕ ಇಟ್ಟರು. ಡಬ್ಬದ ಚಿತ್ರಾನೇ ಅಚ್ಚೊತ್ತಿದ ಹಾಗೆ ಇತ್ತು.

ಆರ್ಡರ್ ಸಿಕ್ಕಿತು. ದಿನಾ ಬೆಳಗ್ಗೆ ನಾನು ಕಡೆಯೋದು, ಅವರು ಬಣ್ಣ ಕೊಡೋದು. ಭಾವನ ಅಂಗಡಿಯ ನನ್ನ ಕುರ್ಚಿಗೆ ಬೇರೆ ಯಾರೋ ಬಂದು ಕೂತರು.

ಮೊನ್ನೆ ಒಂದು ಬೊಂಬೆ ಚೂರೂ ಸೊಟ್ಟ ಇಲ್ಲದೆ ಬಂದುಬಿಡ್ತು. ನನಗೆ ಎಲ್ಲಿಲ್ಲದ ಖುಷಿ. "ನೋಡಿ ಸಾಬ್ರೇ, ದುಂಡಗೆ ಬಂತು!" ಅಂತ ಓಡಿ ಹೋಗಿ ತೋರಿಸಿದೆ.

ಸಾಬರು ಬೆಚ್ಚಿಬಿದ್ದರು. ಬಾಗಿಲ ಕಡೆ ಒಂದು ಸಲ ನೋಡಿ, ಬೊಂಬೆ ಕಿತ್ತುಕೊಂಡು ನೀರೊಲೆ ಸೌದೆ ಬುಟ್ಟಿಗೆ ಎಸೆದರು.

"ದಮ್ಮಯ್ಯ ಅಮ್ಮಾ, ಆರ್ಡರ್ ಮುಗಿಯೋವರೆಗೂ ಕಲ್ತ್ಕೋಬೇಡಿ!"