ಸಾಕು ಅಂದರೆ ಕೇಳದ ಪೆಟ್ಟಿಗೆ

ಕಡಲೆಬೇಳೆ, ಬೆಲ್ಲ, ಮೈದಾ, ಎಣ್ಣೆ, ಏಲಕ್ಕಿ ಎಲ್ಲ ಸೇರಿ ಸಾವಿರದೈನೂರು. ಇನ್ನೂರು ಒಬ್ಬಟ್ಟಿಗೆ ನನ್ನ ಖರ್ಚು ಇಷ್ಟು. ಮೈದುನ ಮರುಳಸಿದ್ಧನ ಪೆಟ್ಟಿಗೆಗೆ ದಮ್ಮಡಿ ಖರ್ಚಿಲ್ಲ, ಹಳೇ ಟಿ.ವಿ.ಗೆ ನನ್ನ ಇಡ್ಲಿ ಪಾತ್ರೆ ಬೆಸೆದು ಮಾಡಿದ್ದ.

"ನೋಡಿ ಅತ್ತಿಗೆ! ಬರೀ ಅಕ್ಷರ! ಹೂವಿನ ಚಿತ್ರ ಇಲ್ಲ, ಗುಡ್ ಮಾರ್ನಿಂಗ್ ಇಲ್ಲ! ಗಿರಾಕಿ ಫೋನಲ್ಲಿ ಬರೆದದ್ದು ಇಲ್ಲಿ ಮೂಡುತ್ತೆ, ಒಬ್ಬಟ್ಟು ತಟ್ಟೋ ಮಿಷನ್ನಿಗೂ ಹೋಗುತ್ತೆ. ನಿಮ್ಮ ಬ್ಯಾಂಕ್ ಖಾತೇನೂ ಇದಕ್ಕೇ ಕಟ್ಟಿದ್ದೀನಿ!"

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಪೆಟ್ಟಿಗೆಗೆ ಮರ್ಯಾದೆ ಕಲಿಸಬೇಕೆಂದು ಎಲ್ಲಿಂದಲೋ ಒಂದು ಸ್ಕ್ರಿಪ್ಟ್ ಫೈಲು ತಂದ. ಯಾರೋ ಬರೆದಿಟ್ಟ ಅಪ್ಪಣೆಗಳ ಕಂತೆಯಂತೆ. ಪೆಟ್ಟಿಗೆಗೆ ತುಂಬಿಬಿಟ್ಟರೆ ನಮ್ಮ ಪರವಾಗಿ ಅದೇ ಮಾತಾಡುತ್ತದಂತೆ. ಹೆಸರು 'ಉಪಚಾರ'.

"ಒಳಗೇನಿದೆ ಓದಿದ್ಯಾ?"

"ಓದೋದ್ಯಾಕೆ? ಎಲ್ಲರೂ ಹಾಕ್ಕೊಂಡವ್ರೆ!"

"ನಾನು ಬೇಳೇನೂ ಆರಿಸದೆ ಬೇಯಿಸಲ್ಲಪ್ಪ."

"ಅದು ಬೇಳೆ ಅತ್ತಿಗೆ, ಇದು ವಿಜ್ಞಾನ!" ಎಂದು ತುಂಬಿಯೇಬಿಟ್ಟ.

ಮಾರನೆಯ ದಿನ ಪಾತ್ರೆ ಅಂಗಡಿ ಚನ್ನಬಸಮ್ಮನವರ ಮೊಮ್ಮಗಳ ನಾಮಕರಣ. ಮುಂಗಡ ಕೊಟ್ಟಿದ್ದರು. ಅವರ ಮನೆ ಪಂಕ್ತಿಯಲ್ಲಿ ನನ್ನ ಒಬ್ಬಟ್ಟು ಗೆದ್ದರೆ ತಿಪಟೂರಿನ ಮದುವೆಗಳೆಲ್ಲ ನನ್ನವು; ಸೋತರೆ ನನ್ನ ಒಬ್ಬಟ್ಟಿನ ಅಂಗಡಿಗೆ ಬೀಗ.

ಅಂದು ಸಂಜೆ ಪೆಟ್ಟಿಗೆಯ ತೆರೆಯ ಮೇಲೆ ಅವರ ಮಾತು ಮೂಡಿತು: "ಇನ್ನೂರು ಸಾಕು."

ಪೆಟ್ಟಿಗೆ ಬರೆಯಿತು: "ಅಯ್ಯೋ, ಸಾಕು ಅನ್ನಬಾರದು! ಇನ್ನೈವತ್ತು!" ಮಿಷನ್ನು ಟಪಟಪ ತಟ್ಟತೊಡಗಿತು.

"ಬೇಡಮ್ಮ ತಾಯಿ."

"ಸಂಕೋಚ ಬೇಡಿ! ಇನ್ನೊಂದು ನೂರು, ನಮ್ಮಾಣೆ!"

"ಬೇಡ ಅಂದ್ನಲ್ಲ, ಕಿವಿ ಕೇಳಲ್ವಾ?"

"ಬೈದ್ರೂ ಬಿಡಲ್ಲ! ಇನ್ನಿನ್ನೂರು!"

ಒಬ್ಬಟ್ಟು ಮೇಜು ತುಂಬಿತು, ಕಿಟಕಿ ತುಂಬಿತು, ಸ್ಕೂಟರಿನ ಸೀಟಿನ ಮೇಲೂ ಕೂತಿತು. ನಾನು ಮೊರ ಹಿಡಿದು ಹಾರಿ ಬಂದವನ್ನು ಹಿಡಿಯುತ್ತಿದ್ದೆ. ಹೂರಣ ಮುಗಿದರೂ ಮಿಷನ್ನು ನಿಲ್ಲಲಿಲ್ಲ. ಪಕ್ಕದಲ್ಲಿದ್ದ ಬೆಂಡೆಕಾಯಿ ಪಲ್ಯ ತುಂಬಿ ತಟ್ಟಿತು, ಆಮೇಲೆ ನನ್ನ ಮಸಿಬಟ್ಟೆ!

"ತೆಗೆಯೋ ಆ ಫೈಲನ್ನ!"

"'ಸಾಕು' ಅಂತ ಒತ್ತಿದ್ರೆ ಅಳಿಸಿಹೋಗುತ್ತೆ ಅತ್ತಿಗೆ." ಒತ್ತಿದ.

"ಮನೆಯವರೇ ಸಾಕು ಅಂದ್ರೆ ಹೇಗೆ? ನಿಮಗೂ ನೂರು!" ಎಂದಿತು ಪೆಟ್ಟಿಗೆ.

"ಪ್ಲಗ್ಗಾದ್ರೂ ಕೀಳು!"

"ಕರೆಂಟ್ ಹೋದ್ರೂ ನಿಲ್ಲಬಾರದು ಅಂತ ಬ್ಯಾಟರಿ ಒಳಗೇ ಬೆಸುಗೆ ಹಾಕಿದ್ದೀನಿ!" ಎಂದ, ಆಗಲೂ ಹೆಮ್ಮೆಯಿಂದ.

ಕೊನೆಗೆ ಚನ್ನಬಸಮ್ಮನವರೇ ರೋಸಿ ಬರೆದರು: "ಎಲೆ ಮಡಚಿದೆ ಕಣಮ್ಮ! ಎದ್ದು ಕೈಯೂ ತೊಳೆದೆ!"

ಮಿಷನ್ನು ಗಪ್ಪೆಂದು ನಿಂತಿತು. ಆ ಫೈಲು ಬರೆದವನು ಯಾರೋ ಏನೋ, ಎಲೆ ಮಡಚಿದವರಿಗೆ ಬಡಿಸಬಾರದೆಂದು ಅವನಿಗೆ ತಾಯಿ ಹೇಳಿಕೊಟ್ಟಿದ್ದಳು. ನಾವು ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಸಾಲು ಮೂಡಿತು:

"ಉಂಡವರನ್ನು ಬರಿಗೈಲಿ ಕಳಿಸಬಾರದು. ದಕ್ಷಿಣೆ ಸ್ವೀಕರಿಸಿ!"

ನನ್ನ ಫೋನು ಟಿಣ್ ಎಂದಿತು. ಮುಂಗಡ ಪೂರ್ತಿ ಚನ್ನಬಸಮ್ಮನವರಿಗೆ ವಾಪಸ್ಸು!

ಹೋದದ್ದು ಮುಂಗಡ, ಮನೆಯಲ್ಲಿದ್ದ ಬೇಳೆ ಬೆಲ್ಲ, ಒಂದು ಮಸಿಬಟ್ಟೆ. ಬಂದದ್ದು, ಇಂಥ ಉಪಚಾರದ ಹೆಂಗಸು ಇನ್ನೊಬ್ಬಳಿಲ್ಲ ಎಂದು ಚನ್ನಬಸಮ್ಮ ಹೇಳಿ ಕಳಿಸಿದ ಎರಡು ಮದುವೆಯ ಆರ್ಡರು. ಆ ಮದುವೆಗಳಿಗೆ ಬೇಳೆ ಆರಿಸುತ್ತಿರುವವನು ಮರುಳಸಿದ್ಧ.