ಪಂಪಿನ ಕೇಬಲ್ಲೂ ನಾಗಮ್ಮನ ಭಜ್ಜಿಯೂ

ನಾನು ಓದು ಬಿಟ್ಟದ್ದು ೧೯೮೨ರಲ್ಲಿ, ಏಳನೇ ಇಯತ್ತೆಗೆ. ಓದು ನನ್ನನ್ನು ಅದಕ್ಕಿಂತ ಎರಡು ವರ್ಷ ಮೊದಲೇ ಬಿಟ್ಟಿತ್ತು. ಆಮೇಲೆ ಭಾಲ್ಕಿಯಲ್ಲಿ ಮೋಟರ್ ವೈಂಡಿಂಗ್ ಕಲಿತೆ. ಯಾರ ಹೊಲದ ಬೋರಿನಲ್ಲಿ ಎಂಥ ಮೋಟರ್ ಸುಟ್ಟಿರಲಿ, ನನ್ನ ಅಂಗಡಿಗೆ ಬಂದದ್ದು ತಿರುಗದೆ ವಾಪಸು ಹೋದದ್ದಿಲ್ಲ. ಇದರಿಂದ ನನಗೊಂದು ರೋಗ ಅಂಟಿಕೊಂಡಿತು. ತಂತಿ ಎಲ್ಲಿ ಕಂಡರೂ ಅದು ನನ್ನ ಸ್ವಂತ ಸೋದರಳಿಯನೆಂಬಂತೆ ಸಲಿಗೆ ತೋರಿಸುತ್ತೇನೆ. ಇನ್ನೊಬ್ಬರನ್ನು ಕೇಳುವುದೆಂದರೆ ಮಾತ್ರ ನಾಲಿಗೆ ಏಳುವುದಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಎಳ್ಳಮಾವಾಸ್ಯೆಯ ದಿನ ಸರಕಾರಿ ಟಿವಿಯವರು ನಮ್ಮ ಹೊಲಕ್ಕೆ ಬಂದು, ನನ್ನ ಹೆಂಡತಿ ನಾಗಮ್ಮ ಭಜ್ಜಿ ಮಾಡುವುದನ್ನು ಚಿತ್ರ ತೆಗೆದುಕೊಂಡು ಹೋದರು. ನಮ್ಮ ಹಬ್ಬದ ಭಜ್ಜಿ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ಕಾಳು, ಸೊಪ್ಪು, ಹುಣಸೆ ಎಲ್ಲ ಸೇರಿ ಕುದಿಯುವ ದೊಡ್ಡ ಸಂಸಾರ. ಮುಂದಿನ ರವಿವಾರ ಸಂಜೆ ಆರಕ್ಕೆ ತೋರಿಸುತ್ತೇವೆ ಎಂದಿದ್ದರು. ನಾಗಮ್ಮ ಹೊಸ ಸೀರೆಗೆ ಇಸ್ತ್ರಿ ಮಾಡಿಸಿದಳು. ಕಾಣುವುದು ಹಳೆ ಸೀರೆಯಲ್ಲೇ ಅಲ್ಲವೇ ಎಂದರೆ, "ನೋಡೋರು ಚಲೋ ಉಟ್ಕೊಂಡು ಕೂಡ್ಬಾರ್ದೇನ್ರಿ?" ಎಂದಳು.

ಎರಡು ದಿನ ಮೊದಲು ವೋಲ್ಟೇಜ್ ಏರಿ ನಮ್ಮ ಟಿವಿ ಸುಟ್ಟಿತು. ಉಳಿದದ್ದು ಮಗಳ ಕಂಪ್ಯೂಟರ್. ಬೀದರಿನಲ್ಲಿ ಡಿಪ್ಲೊಮಾ ಓದುತ್ತಿದ್ದ ಅವಳು ಅದರಲ್ಲಿ ಟಿವಿ ಕಾರ್ಡ್ ಹಾಕಿಸಿದ್ದಳು. ಫೋನಿನಲ್ಲಿ ಹೇಳಿದಳು: "ಅಪ್ಪಾ, ಡಬ್ಬಿ ಹಿಂದ ದುಂಡನ ತೂತ ಅದ. ಮಾಳಗಿ ಮ್ಯಾಲಿನ ಏರಿಯಲ್ಲಿಂದ ಅದಕ್ಕ ಬರೋ ಕೇಬಲ್ಲೇ ಬ್ಯಾರೆ. ಹಳೇದು ಇಲಿ ತಿಂದಾವ. ಅಂಗಡ್ಯಾಗ ಕೇಳಿ ತಗೊಂಬಾ."

ಕೇಳಿ! ಮೂವತ್ತು ವರ್ಷ ತಂತಿ ಸುತ್ತಿದವನು ಕೇಳಬೇಕೆ? ನನ್ನ ಅಂಗಡಿಯಲ್ಲೇ ಬೋರ್ ಪಂಪಿನ ಮೂರೆಳೆಯ ಕೇಬಲ್ ಇತ್ತು. ಹತ್ತು ಎಚ್‌ಪಿ ಮೋಟರ್ ಎಳೆಯುವ ಕೇಬಲ್‌ಗೆ ನಾಗಮ್ಮನೊಬ್ಬಳನ್ನು ಎಳೆಯುವುದು ಯಾವ ಲೆಕ್ಕ? ರವಿವಾರ ಬೆಳಿಗ್ಗೆ ಅದನ್ನು ಮಾಳಿಗೆಯಿಂದ ಇಳಿಬಿಟ್ಟೆ. ಒಂದೆಳೆ ತೂತಿನೊಳಗೆ, ಒಂದೆಳೆ ಅದರ ಅಂಚಿಗೆ, ಮೂರನೆಯದನ್ನು ವೃತ್ತಿಧರ್ಮಕ್ಕೆ ತಕ್ಕಂತೆ ಅರ್ಥಿಂಗ್ ಎಂದು ಡಬ್ಬಿಯ ಸ್ಕ್ರೂಗೆ ಬಿಗಿದೆ. ಆನೆ ಕಟ್ಟಿದರೂ ಬಿಚ್ಚದ ಜಾಯಿಂಟು. ಪರದೆಯ ಮೇಲೆ ಮಾತ್ರ ಹುರಿದ ಜೋಳ ಸಿಡಿಯುತ್ತಿತ್ತು.

ತಪ್ಪು ಏರಿಯಲ್ಲಿನದೇ ಎಂದು ತೀರ್ಮಾನಿಸಿ ಮಾಳಿಗೆ ಹತ್ತಿ ತಿರುಗಿಸಿದೆ. "ಬಂತೇನು?" "ಇಲ್ರೀ!" "ಈಗ?" "ಮೊದಲೇ ಚಲೋ ಇತ್ರೀ!" ಹೀಗೆ ಮಧ್ಯಾಹ್ನದವರೆಗೆ ಎಂಟೂ ದಿಕ್ಕು ತೋರಿಸಿದೆ. ಕೊನೆಗೆ ಏರಿಯಲ್ಲನ್ನು ಹಿಡಿದಿದ್ದ ಬೋಲ್ಟಿನ ಥ್ರೆಡ್ಡೇ ಸವೆದುಹೋಯಿತು.

ತಮ್ಮ ಮಗಳನ್ನು ಟಿವಿಯಲ್ಲಿ ನೋಡಲೆಂದೇ ಔರಾದದಿಂದ ಬಂದಿದ್ದ ನನ್ನ ಅತ್ತೆ ಕೆಳಗಿನಿಂದ ಹೇಳಿದರು: "ಅಳಿಯಾರ, ಬಾಜೂ ಮನ್ಯಾಗ ಟಿವಿ ಅದ. ಅಲ್ಲೇ ಹೋಗಿ ಕೂಡೋಣೇನ್ರಿ?"

"ನನ್ನ ಹೆಂಡತಿ ನನ್ನ ಮನ್ಯಾಗೇ ಕಾಣಬೇಕು," ಎಂದೆ.

"ನಿಮ್ಮ ಮನ್ಯಾಗ ದಿನಾ ಕಾಣ್ತಾಳ್ರಿ. ಇವತ್ತ ಟಿವ್ಯಾಗ ನೋಡಾಕ ಬಂದೀನಿ."

ನಾಗಮ್ಮ ಇಸ್ತ್ರಿ ಸೀರೆ ಉಟ್ಟು ಕಂಪ್ಯೂಟರಿನ ಮುಂದೆ ಕುಳಿತು ಜೋಳ ಸಿಡಿಯುವುದನ್ನೇ ನೋಡುತ್ತಿದ್ದಳು. ಅದನ್ನು ಕಂಡು ನನ್ನ ಜಂಭ ಅರ್ಧ ಇಳಿಯಿತು. ಉಳಿದರ್ಧ ಇತ್ತಲ್ಲ, ಅದು ಭಾಲ್ಕಿಯಲ್ಲಿ ಕೇಳಗೊಡಲಿಲ್ಲ. ಗುರುತಿನವರಿಲ್ಲದ ಕಡೆ ಕೇಳೋಣವೆಂದು ಮೋಟರ್ ಸೈಕಲ್ ಹತ್ತಿ ಬೀದರಿನ ನೌಬಾದಕ್ಕೇ ಹೋದೆ. ಅಲ್ಲಿ ಹಮೀದ್ ಚಾಚಾ ಎಂಬ ಮುದುಕರದೊಂದು ರೇಡಿಯೊ ರಿಪೇರಿ ಅಂಗಡಿ. ಕನ್ನಡಕ ಏರಿಸಿ ನನ್ನನ್ನು ನೋಡಿದವರೇ, "ಅರೇ, ಭಾಲ್ಕಿ ವೈಂಡಿಂಗ್ ಉಸ್ತಾದ್ ಅಲ್ರೀ? ನಮ್ಮ ತಮ್ಮನ ಮೋಟರ್ ನೀವೇ ಕಟ್ಟೀರಿ!" ಎಂದರು.

ತಲೆ ತಗ್ಗಿಸಿ ಎಲ್ಲ ಹೇಳಿದೆ. ಚಾಚಾ ಬಹಳ ಹೊತ್ತು ನಕ್ಕರು. "ಪಂಪಿನ ಕೇಬಲ್ಲಾ? ಟಿವಿ ನೋಡ್ತೀರೋ, ಟಿವ್ಯಾಗಿಂದ ನೀರ್ ಎತ್ತತೀರೋ ಭಾಯ್?" ಆಮೇಲೆ ಬೆರಳು ಗಾತ್ರವೂ ಇಲ್ಲದ ದುಂಡನೆಯ ಕೇಬಲ್ ಅಳೆದು, ತುದಿಗೆ ಪಿನ್ನು ಕೂಡಿಸಿ ಕೊಟ್ಟರು. "ನಡುವಿನ ತಂತಿ ಬ್ಯಾರೆ, ಮ್ಯಾಲಿನ ಜಾಳಗಿ ಬ್ಯಾರೆ. ಎರಡೂ ಕೂಡಬಾರದು. ದಮ್ಮಿನ ಕೆಲಸ ಅಲ್ರೀ ಇದು, ನಾಜೂಕಿನ ಕೆಲಸ."

ಮನೆ ಮುಟ್ಟಿದಾಗ ಆರಕ್ಕೆ ಹತ್ತು ನಿಮಿಷ. ಹಳೆ ಜಾಯಿಂಟು ಕತ್ತರಿಸಿ, ಹೊಸ ಕೇಬಲ್ಲನ್ನು ಏರಿಯಲ್ಲಿಗೆ ಕಟ್ಟಿ ಇಳಿಬಿಟ್ಟೆ. ಪಿನ್ನು ತೂತಿನಲ್ಲಿ ಟಕ್ಕನೆ ಕೂತಿತು. ಮಾಳಿಗೆಗೆ ಓಡಿ ಏರಿಯಲ್ಲನ್ನು ತಿರುಗಿಸುತ್ತಿದ್ದಂತೆ ಕೆಳಗಿನಿಂದ ಕೂಗು: "ಬಂತ್ರೀ! ಬಂತು!" ಖುಷಿಯಿಂದ ಕೈಬಿಟ್ಟೆ. "ಹೋತ್ರೀ!" ಬೋಲ್ಟು ಸವೆದಿತ್ತಲ್ಲ, ಏರಿಯಲ್ಲು ಗಾಳಿಗೆ ತಿರುಗಿಬಿಟ್ಟಿತ್ತು. ಮತ್ತೆ ಹಿಡಿದೆ. "ಬಂತು! ಬಿಡಬ್ಯಾಡ್ರಿ ಅಳಿಯಾರ, ಹಂಗೇ ನಿಲ್ರಿ!" ಅತ್ತೆಯವರ ಆಜ್ಞೆ.

ನಿಂತೆ. ಕೆಳಗೆ ನಾಗಮ್ಮನ ದನಿ ಎರಡು ಕಡೆಯಿಂದ ಕೇಳುತ್ತಿತ್ತು, ಡಬ್ಬಿಯಲ್ಲಿ ಮಾತಾಡುವುದು, ಹೊರಗೆ ನಗುವುದು. ಡಬ್ಬಿಯ ನಾಗಮ್ಮ ಯಾರಿಗೋ ಹೇಳುತ್ತಿದ್ದಳು: "ನಮ್ಮ ಮನಿಯವ್ರು ಭಾಳ ಓದಿಲ್ರಿ. ಖರೆ ಕೆಟ್ಟಿದ್ದು ಏನಿದ್ರೂ ಸುಧಾರಸ್ತಾರ." ಕೆಳಗೆ ನಗೆ ಇನ್ನೂ ಜೋರಾಯಿತು.

ಇಳಿದು ಬಂದಾಗ ಅವಳು ಕೇಳಿದಳು, "ಹ್ಯಾಂಗ ಕಂಡೆರಿ ನಾ?"

"ಭಾಳ ಚಂದ ಕಂಡಿ."

"ಮಾಳಗಿ ಮ್ಯಾಲಿಂದ?"

ಈಗ ನನ್ನ ಬಳಿ ಒಂದು ವೈಂಡಿಂಗ್ ಅಂಗಡಿ ಇದೆ, ಡಿಪ್ಲೊಮಾ ಮುಗಿಸಿದ ಒಬ್ಬ ಮಗಳಿದ್ದಾಳೆ, ಒಂದು ಹಳೆ ಕಂಪ್ಯೂಟರ್ ಇದೆ, ಸರಿಯಾದ ಕೇಬಲ್ ಒಂದಿದೆ. ಮಾಳಿಗೆಯ ಮೇಲೆ ನಾಗಮ್ಮ ಬಟ್ಟೆ ಒಣಹಾಕುವ ಪಂಪಿನ ಕೇಬಲ್ ಅರವತ್ತು ಅಡಿ. ಕಂಬಕ್ಕೆ ನಾನು ಬಿಗಿದ ಅದರ ಜಾಯಿಂಟು ಇನ್ನೂ ಬಿಚ್ಚಿಲ್ಲ.